ನಮ್ಮ ಮನೆಯ ಕುರಿಮಂದೆ

ನಮ್ಮ ತಾತನವರ ಹಳೆಯ ಪೆಟ್ಟಿಗೆಯಲ್ಲಿ ಕರಿಯ ಆಲ್ಪಾಕ ಕೋಟೊಂದು ಇದ್ದಿತು. ಕಚೇರಿಗೂ ಮದುವೆಮನೆಗೂ ಅವರು ಅದನ್ನೇ ತೊಡುತ್ತಿದ್ದರಂತೆ. 2018ರ ಬೇಸಗೆಯಲ್ಲಿ ಅದನ್ನು ಬಿಸಿಲಿಗೆ ಹರವಿದಾಗ, ಆಲ್ಪಾಕವೆಂದರೇನೆಂದು ಮಕ್ಕಳು ಕೇಳಿದರು. ಅದು ದಕ್ಷಿಣ ಅಮೆರಿಕದ ಪೆರು, ಬೊಲಿವಿಯಾ ದೇಶಗಳ ಎತ್ತರದ ಬೆಟ್ಟಸೀಮೆಯ ಪ್ರಾಣಿ; ಒಂಟೆಯ ಕುಲದ್ದಾದರೂ ಡುಬ್ಬವಿಲ್ಲ; ವರ್ಷಕ್ಕೊಮ್ಮೆ ಅದರ ಉಣ್ಣೆಯನ್ನು ಕತ್ತರಿಸುವರು ಎಂದು ಹೇಳಿದೆವು. ಹಾಗಾದರೆ ನಾವೂ ನಾಲ್ಕನ್ನು ಸಾಕೋಣವೆಂದು ಮಕ್ಕಳು ಹಟ ಹಿಡಿದರು. ಅರಸೀಕೆರೆಯ ತೆಂಗಿನ ತೋಟಕ್ಕೆ ಆಂಡೀಸ್ ಪರ್ವತದ ಪ್ರಾಣಿಯನ್ನು ತರುವುದೆಲ್ಲಿ ಬಂತು! ಉಣ್ಣೆ ಕೊಡುವ ಜೀವ ನಮ್ಮ ಸೀಮೆಯಲ್ಲಿಯೇ ಇಲ್ಲವೆ ಎಂದು ಸಮಾಧಾನ ಹೇಳಿದೆವು. ಆ ಸಮಾಧಾನವೇ ನಮ್ಮನ್ನು ಕುರಿ ಸಾಕುವ ಕೆಲಸಕ್ಕೆ ಹಚ್ಚಿತು.

ಕೆಲವು ದಿನಗಳ ಮೇಲೆ ಹಳೇಬೀಡಿಗೆ ಹೋಗಿದ್ದೆವು. ದೇವಾಲಯದ ಗೋಡೆಯ ಮೇಲಿನ ಆನೆ, ಕುದುರೆ, ಹಂಸಗಳ ಸಾಲುಗಳನ್ನು ಎಣಿಸಿ ದಣಿದಿದ್ದ ಮಕ್ಕಳಿಗೆ ಕೆರೆಯ ಕಡೆಯಿಂದ ಬರುತ್ತಿದ್ದ ಜೀವಂತ ಸಾಲೊಂದು ಕಾಣಿಸಿತು. ಹಾಸನದ ಸೀಮೆಯ ಕುರಿಗಳು: ಚಿಕ್ಕ ಮೈಕಟ್ಟು, ಬಿಳಿಯ ಮೈಮೇಲೆ ಅಲ್ಲಲ್ಲಿ ಕಂದು, ಕಪ್ಪು ಮಚ್ಚೆ, ಒರಟಾದ ತುಪ್ಪಟ. ಅವುಗಳ ಹಿಂದಿದ್ದ ವೃದ್ಧ ಕುರುಬರನ್ನು ಒಂದು ಮರಿ ಕೊಡುವಿರಾ ಎಂದು ಕೇಳಿದೆವು.

“ಒಂಟಿ ಕುರಿ ಸಾಕಬ್ಯಾಡಿ ಸ್ವಾಮಿ. ಅದು ಹುಲ್ಲು ಬಿಟ್ಟು ಜತೆ ಹುಡುಕ್ತದೆ” ಎಂದರು ಅವರು.

ಹೀಗೆ ಒಂದು ಮರಿಗೆಂದು ಹೋದ ನಾವು ಐದು ಹೆಣ್ಣು ಕುರಿಗಳನ್ನೂ ಒಂದು ಟಗರನ್ನೂ ಮನೆಗೆ ತಂದೆವು. ನಮ್ಮ ತಾಯಿಯವರು, “ಮೊದಲೇ ಬೇಡವೆಂದೆ, ಕಟ್ಟಿಕೊಂಡ ಮೇಲೆ ನೋಡಿಕೊಳ್ಳುವವರು ಯಾರು?” ಎಂದು ಗದರಿದರು. ವಾರ ಕಳೆಯುವಷ್ಟರಲ್ಲಿ ಅವರೇ ನೋಡಿಕೊಳ್ಳುತ್ತಿದ್ದರು.

ಅರಸೀಕೆರೆಯ ಒಣಹವೆ ಕುರಿಗಳಿಗೆ ಒಗ್ಗುತ್ತದೆ. ತೋಟದ ಮೂಲೆಯಲ್ಲಿ ಜಾಲಿಮುಳ್ಳಿನ ರೊಪ್ಪ ಹಾಕಿದೆವು. ಹಗಲು ಬೀಳುನೆಲದಲ್ಲಿ ಮೇವು. ಸಂಜೆ ಹುರುಳಿಯ ಹೊಟ್ಟು. ಅವುಗಳ ಹಿಕ್ಕೆ ತೆಂಗಿನ ಬುಡಕ್ಕೆ ಒಳ್ಳೆಯ ಗೊಬ್ಬರವಾಯಿತು. ಕುರಿ ಗಬ್ಬವಾದ ಐದು ತಿಂಗಳಿಗೆ ಈಯುವುದರಿಂದ 2019ರ ಆರಂಭದಲ್ಲಿ ರೊಪ್ಪದಲ್ಲಿ ನಾಲ್ಕು ಮರಿಗಳಿದ್ದವು.

ಮುಂಗಾರಿಗೆ ಮೊದಲು ಕರುಳುಬೇನೆಯ ಚುಚ್ಚುಮದ್ದು ಹಾಕಿಸಬೇಕೆಂದು ಹಳೇಬೀಡಿನ ಅಜ್ಜ ಹೇಳಿಕಳುಹಿಸಿದ್ದರು. ನಾಳೆ, ನಾಡಿದ್ದು ಎಂದು ನಾವು ಮುಂದೂಡಿದೆವು. ಆ ವರ್ಷ ಮೊದಲ ಮಳೆಗೆ ಚಿಗುರಿದ ಎಳೆಹುಲ್ಲನ್ನು ಮರಿಗಳು ಹೊಟ್ಟೆ ಬಿರಿಯೆ ಮೇದವು. ತಾಯಿಯವರಿಗೆ ಅಚ್ಚುಮೆಚ್ಚಾಗಿದ್ದ, ಎಲ್ಲಕ್ಕಿಂತ ಪುಷ್ಟವಾಗಿದ್ದ ಮರಿಗೆ ಅಂದು ರಾತ್ರಿ ಅಕ್ಕರೆಯಿಂದ ರಾಗಿಹಿಟ್ಟಿನ ಅಂಬಲಿಯೂ ದೊರೆಯಿತು. ಬೆಳಗಾಗುವಾಗ ಅದು ಕಾಲು ಸೆಟೆದು ಬಿದ್ದಿದ್ದಿತು. ಮಧ್ಯಾಹ್ನಕ್ಕೆ ಇನ್ನೊಂದು ಹೋಯಿತು. ಕುರಿಯ ಕರುಳಿನಲ್ಲಿ ಮೊದಲೇ ಇರುವ ಸೂಕ್ಷ್ಮಜೀವಿಗಳು, ಎಳೆಮೇವೂ ಧಾನ್ಯವೂ ಒಮ್ಮೆಲೇ ಹೆಚ್ಚಾಗಿ ಬಿದ್ದಾಗ ಬೆಳೆದು ವಿಷವನ್ನು ಉಂಟುಮಾಡುತ್ತವೆ. ಚೆನ್ನಾಗಿ ತಿಂದು ಕೊಬ್ಬಿದ ಮರಿಯೇ ಮೊದಲು ಬೀಳುತ್ತದೆ ಎಂದು ಪಶುವೈದ್ಯರು ವಿವರಿಸಿದರು. ತಾಯಿಯವರು ಅಂದು ಊಟ ಮಾಡಲಿಲ್ಲ. ಅಂಬಲಿ ಎರೆದವರು ಅವರಾದರೂ, ಮದ್ದನ್ನು ಮುಂದೂಡಿದವರು ನಾವು. ಅಕ್ಕರೆಗೆ ಅರಿವು ಜತೆಯಾಗದಿದ್ದರೆ ಅದು ಪ್ರಾಣಕ್ಕೇ ಎರವಾಗುವುದೆಂದು ನಮಗೆ ತಿಳಿದುದು ಅಂದು.

ಆದರೂ ಇನ್ನೊಂದು ಪಾಠ ಉಳಿದಿದ್ದಿತು. ಬೇಲೂರಿನಲ್ಲಿರುವ ತಂಗಿಯ ಮಕ್ಕಳು ಆಸೆಪಟ್ಟರೆಂದು ಆಷಾಢದಲ್ಲಿ ಎರಡು ಕುರಿಗಳನ್ನು ಅಲ್ಲಿಗೆ ಕಳುಹಿಸಿದೆವು. ಅರಸೀಕೆರೆಯಿಂದ ಅದೇನೂ ಬಹುದೂರವಲ್ಲ; ಆದರೆ ಬೇಲೂರು ಮಲೆನಾಡಿನ ಹೊಸಿಲು. ಬಿಡದೆ ಸುರಿದ ಮಳೆಯಲ್ಲಿ ಕೊಟ್ಟಿಗೆಯ ನೆಲ ಆರಲಿಲ್ಲ. ಗೊರಸಿನ ಸಂದು ಕೊಳೆತು ಎರಡೂ ಕುಂಟತೊಡಗಿದವು. ಅವನ್ನು ಹಿಂದಕ್ಕೆ ಕರೆತಂದು, ಗೊರಸು ಸವರಿಸಿ, ಒಣನೆಲದಲ್ಲಿ ನಿಲ್ಲಿಸಿ ಮದ್ದು ಮಾಡಿಸಿದ ಮೇಲೆ ಗುಣವಾದವು.

ಇದರಲ್ಲಿ ಲಾಭವೇನೆಂದು ಗೃಹಸ್ಥರು ಕೇಳಬಹುದು. ಉಣ್ಣೆಯಿಂದ ಏನೂ ಇಲ್ಲ. ತುಪ್ಪಟ ಮಾರಿದ ಹಣ ಕತ್ತರಿಸಿದವರ ಕೂಲಿಗೂ ಸಾಲದು. ಹೆಚ್ಚಾದ ಗಂಡುಮರಿಗಳನ್ನು ಮಾರಲೇಬೇಕು. ಕೊಂಡವರು ಅವನ್ನು ಏನು ಮಾಡುವರೆಂಬುದನ್ನು ಮಕ್ಕಳಿಂದ ಮುಚ್ಚಿಡಲಾಗದು. ಇದನ್ನು ಸಹಿಸಲಾರದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಆದರೂ ನಾವು ತುಪ್ಪಟವನ್ನು ಎಸೆಯಲಿಲ್ಲ. ಒಂದು ಕುರಿ ವರ್ಷಕ್ಕೆ ಅರ್ಧ ಕಿಲೋ ಕೊಟ್ಟರೆ ಹೆಚ್ಚು. ಎರಡು ವರ್ಷ ಕೂಡಿಟ್ಟೆವು. ಹಳೇಬೀಡಿನ ಅಜ್ಜನ ಮನೆಯ ಹೆಂಗಸರು ಅದನ್ನು ಹಿಂಜಿ ನೂತರು. ಮಗ್ಗದವರು ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಸವರಿ ಕಂಬಳಿ ನೇಯ್ದುಕೊಟ್ಟರು. ತಾತನವರ ಕೋಟಿನ ನುಣುಪು ಅದಕ್ಕಿಲ್ಲ. ಆದರೆ ಚಳಿಯೂ ತುಂತುರುಮಳೆಯೂ ಅದರೊಳಗೆ ನುಗ್ಗಲಾರವು.

ಕಂಬಳಿಯನ್ನು ತಾಯಿಯವರಿಗೆ ಹೊದಿಸಿದೆವು. ಅವರು ಅದರ ಮೇಲೆ ಕೈಯಾಡಿಸುತ್ತ, “ಆ ಮರಿಯ ತುಪ್ಪಟ ಇದರಲ್ಲಿ ಇಲ್ಲವಲ್ಲ” ಎಂದರು. ನಾವು ಮಾತಾಡಲಿಲ್ಲ.

ಅಂದಿನಿಂದ ಪ್ರತಿವರ್ಷ ಯುಗಾದಿಯ ಹೊಸ ಪಂಚಾಂಗ ಮನೆಗೆ ಬಂದೊಡನೆ, ಮುಂಗಾರಿಗೆ ಮೊದಲಿನ ಒಂದು ದಿನಕ್ಕೆ ಅವರೇ ಕುಂಕುಮದ ಗುರುತು ಹಾಕಿಡುತ್ತಾರೆ. ಅದು ಯಾವ ಹಬ್ಬದ ದಿನವೂ ಅಲ್ಲ. ಕುರಿಗಳಿಗೆ ಚುಚ್ಚುಮದ್ದು ಹಾಕಿಸುವ ದಿನ.