ಅಣುಸ್ಥಾವರದ ನೆರೆಯವರು

ಸಂಘದ ಯುಗಾದಿಗೋ ರಾಜ್ಯೋತ್ಸವಕ್ಕೋ ನಾವು ಅಷ್ಟು ದೂರದಿಂದ ಬಂದಾಗಲೆಲ್ಲ, ಇನ್ನೂ ಸಾರು ಬಡಿಸುತ್ತಿರುವಾಗಲೇ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದೇ: "ಅಲ್ಲ ಡಾಕ್ಟ್ರೇ, ಅಲ್ಲಿರೋಕೆ ನಿಮಗೆ ಭಯ ಆಗಲ್ವಾ?" ಊಟದ ಸಾಲಿನಲ್ಲಿ ನಿಂತು ಅದಕ್ಕೆ ಸರಿಯಾದ ಉತ್ತರ ಕೊಡಲು ಆಗುವುದಿಲ್ಲ. ಹಿಂದೆ ನಿಂತವರಿಗೆ ಹೋಳಿಗೆಯ ಆತುರ. ಪತ್ರಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರೂ ಮೂರು ಸಂಚಿಕೆಗಳಿಂದ ಬೆನ್ನು ಹತ್ತಿದ್ದಾರೆ. ಆದ್ದರಿಂದ ಉತ್ತರವನ್ನು ಒಮ್ಮೆ ಬರೆದೇ ಬಿಡೋಣ ಎಂದು ಕುಳಿತಿದ್ದೇವೆ.

ನಾವಿರುವುದು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ, ಫಂಡಿ ಕೊಲ್ಲಿಯ ದಡದ ಒಂದು ಹಳ್ಳಿಯಲ್ಲಿ. ಸೇಂಟ್ ಜಾನ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಪಾಯಿಂಟ್ ಲೆಪ್ರೋ ಎಂಬ ಭೂಶಿರವಿದೆ. 1983ರಿಂದ ಅಲ್ಲಿ ಒಂದು ಅಣುವಿದ್ಯುತ್ ಸ್ಥಾವರವಿದೆ. ಅದರ ಸುತ್ತಲಿನ 20 ಕಿ.ಮೀ. ವಲಯದೊಳಗೆ ನಮ್ಮ ಮನೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ಈ ದೇಶಕ್ಕೆ ಬಂದು ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು, ಫ್ಯಾಮಿಲಿ ಮೆಡಿಸಿನ್ ರೆಸಿಡೆನ್ಸಿ ಮಾಡಿ, ಕೆಲವು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕೆಂಬ ಕರಾರಿನ ಮೇಲೆ 2003ರಲ್ಲಿ ನಾವಿಬ್ಬರೂ ಇಲ್ಲಿಗೆ ಬಂದೆವು. ಕರಾರು ಮುಗಿದು ಎಷ್ಟೋ ವರ್ಷಗಳಾದವು. ನಾವು ಇಲ್ಲೇ ಇದ್ದೇವೆ.

ನಮ್ಮಲ್ಲಿಗೆ ಮೊದಲ ಬಾರಿ ಬರುವವರಿಗೆ ಸ್ವಲ್ಪ ನಿರಾಶೆಯೇ ಆಗುತ್ತದೆ. ಟಿವಿಯಲ್ಲಿ ತೋರಿಸುವ, ನಡು ಸಣ್ಣಗಾದ ದೈತ್ಯ ಗೋಪುರ ಎಲ್ಲಿ ಎಂದು ಹುಡುಕುತ್ತಾರೆ. ಅದು ಇಲ್ಲಿ ಇಲ್ಲ. ತಣ್ಣಗಿಡಲು ಸಮುದ್ರದ ನೀರೇ ಇರುವಾಗ ಗೋಪುರ ಏಕೆ? ಮಂಜಿಲ್ಲದ ದಿನ ದಡದಿಂದ ನೋಡಿದರೆ ಕಾಂಕ್ರೀಟಿನ ಗುಮ್ಮಟ ಕಾಣುತ್ತದೆ, ಅಷ್ಟೆ. ಮಂಜಿಲ್ಲದ ದಿನಗಳೂ ಇಲ್ಲಿ ಹೆಚ್ಚೇನಿಲ್ಲ. ನೋಡಬೇಕಾದದ್ದು ಸಮುದ್ರವನ್ನು. ಸೇಂಟ್ ಜಾನ್ ಬಳಿ ಉಬ್ಬರ ಇಳಿತಗಳ ಅಂತರ ಸುಮಾರು 8 ಮೀಟರ್. ಕುಮಟೆಯ ಕಡಲ ತಡಿಯಲ್ಲಿ ಬೆಳೆದ ನಾವು ಬೆಳಿಗ್ಗೆ ನೀರಲ್ಲಿ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನಲ್ಲಿ ಕುಕ್ಕರಿಸಿದ್ದನ್ನು ನೋಡಿ ದಂಗಾಗಿದ್ದೆವು.

ಊರವರು ಹೆಚ್ಚಾಗಿ ಲಾಬ್‌ಸ್ಟರ್ ಹಿಡಿಯುವವರು. ನವೆಂಬರ್‌ನಲ್ಲಿ ಹಂಗಾಮು ಶುರುವಾದ ಮೇಲೆ ವೈದ್ಯರ ಮನೆಯ ಮೆಟ್ಟಿಲ ಮೇಲೆ ಬೆಳಗಾಗುವುದರೊಳಗೆ ಒಂದು ಬಕೆಟ್ ಇರುತ್ತದೆ, ಒಳಗೆ ಜೀವಂತ ಲಾಬ್‌ಸ್ಟರ್‌ಗಳು. ನಾವೋ ಸಸ್ಯಾಹಾರಿಗಳು! ಬಕೆಟ್ ಮೂರು ಮನೆ ದಾಟಿ ಹೋಗುತ್ತದೆ, ಬದಲಿಗೆ ಬ್ಲೂಬೆರಿ ಪೈ ಬರುತ್ತದೆ. ಡಲ್ಸ್ ಎಂಬ ಕೆಂಪು ಕಡಲಸಸ್ಯವನ್ನು ಬಿಸಿಲಿಗೆ ಒಣಗಿಸಿ ತಿನ್ನುತ್ತಾರೆ. ಅದನ್ನು ಮಾತ್ರ ನಾವು ಸುಟ್ಟ ಹಪ್ಪಳದಂತೆ ಮೊಸರನ್ನದ ಜೊತೆ ಹಚ್ಚಿಕೊಂಡಿದ್ದೇವೆ. ಉಪ್ಪು ಕಡಿಮೆ ತಿನ್ನಿ ಎಂದು ಎಲ್ಲರಿಗೂ ಹೇಳುವ ವೈದ್ಯರು ಇದನ್ನು ಬರೆಯಬಾರದಿತ್ತೇನೋ.

2005ರಲ್ಲಿ ಊರಿಂದ ಆಯಿ ಬಂದಿದ್ದರು. ಮೊಮ್ಮಗಳಿಗೆ ಆಗ ವರ್ಷ ತುಂಬಿತ್ತು. ವಾರ ಕಳೆದ ಮೇಲೆ ಕಿಟಕಿಯಲ್ಲಿ ನಿಂತು ಕೇಳಿದರು: "ಊರಲ್ಲಿ ಬ್ಯಾಡ ಹೇಳಿ ಬೊಬ್ಬೆ ಹೊಡದ್ದು, ಇಲ್ಲಿ ಬಂದು ಅದ್ರ ಬಾಗ್ಲಲ್ಲೇ ಮನೆ ಮಾಡಿದ್ದು ಎಂತಕ್ಕೆ?" ಪ್ರಶ್ನೆ ನ್ಯಾಯವಾದದ್ದೇ. ನಾವು ಕಾಲೇಜಿನಲ್ಲಿದ್ದಾಗ ಉತ್ತರ ಕನ್ನಡದ ತುಂಬ ಕೈಗಾದ್ದೇ ಮಾತು. 1989ರಲ್ಲಿ ಶಿವರಾಮ ಕಾರಂತರು ತಮ್ಮ 87ನೆಯ ವಯಸ್ಸಿನಲ್ಲಿ ಲೋಕಸಭೆಗೆ ನಿಂತರು, ಸೋತರು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರವೇ ಕಳಚಿ ಬಿತ್ತು. ಹೇಳಿದೆವಲ್ಲ ಎಂದವರು ಬಹಳ ಮಂದಿ, ನಮ್ಮನ್ನೂ ಸೇರಿಸಿ.

ತಮಾಷೆಯೆಂದರೆ ಕೈಗಾ ಮತ್ತು ಲೆಪ್ರೋ ಒಂದೇ ಮನೆತನದವು. ಸಾದಾ ಯುರೇನಿಯಂ ಮತ್ತು ಭಾರಜಲ ಬಳಸುವ ಕ್ಯಾಂಡು ಎಂಬ ಕೆನಡಾದ ಮಾದರಿಯನ್ನು ಮೊದಲು ರಾಜಸ್ಥಾನದಲ್ಲಿ ಕೆನಡಾದ ನೆರವಿನಿಂದಲೇ ಕಟ್ಟಿದರು. 1974ರ ಪೋಖ್ರಾನ್ ಸ್ಫೋಟದ ಮೇಲೆ ಕೆನಡಾ ಮುನಿಸಿಕೊಂಡು ಕೈಬಿಟ್ಟಿತು, ನಮ್ಮವರು ತಾವೇ ಮುಂದುವರಿಸಿದರು. ಲೆಪ್ರೋದ್ದು ಸುಮಾರು 660 ಮೆಗಾವಾಟ್‌ನ ಒಂದೇ ಘಟಕ, ಕೈಗಾದ್ದು 220ರ ನಾಲ್ಕು. ಈ ಜಾತಿಯ ಸ್ಥಾವರದ ವಿಶೇಷವೆಂದರೆ ಒಲೆ ಆರಿಸದೆಯೇ ಕಟ್ಟಿಗೆ ಒಟ್ಟಬಹುದು. ಮೊಳದುದ್ದದ ಇಂಧನದ ಕಟ್ಟನ್ನು ಒಂದು ಕಡೆಯಿಂದ ತಳ್ಳಿದರೆ ಉರಿದದ್ದು ಇನ್ನೊಂದು ಕಡೆಯಿಂದ ಹೊರಬರುತ್ತದೆ. ಅದಕ್ಕೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ಜಗತ್ತಿನ ದಾಖಲೆ ಬರೆಯಿತು. ಅದುವರೆಗಿನ ದಾಖಲೆ ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನಗಳದ್ದು. ಆಮೇಲೆ ನಿಮ್ಮ ಒಂಟೇರಿಯೋದ ಡಾರ್ಲಿಂಗ್ಟನ್ ಕೈಗಾವನ್ನೂ ಹಿಂದೆ ಹಾಕಿತು ಬಿಡಿ. ಗುಮ್ಮಟ ಬಿದ್ದ ಘಟಕವೇ ದಾಖಲೆ ಮಾಡಿದ್ದನ್ನು ಓದಿದ ದಿನ ನಮಗೆ ಹೆಮ್ಮೆಯಾಯಿತೇ? ಆಯಿತು. 2009ರಲ್ಲಿ ಅದೇ ಕೈಗಾದಲ್ಲಿ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಷಿಯಂ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ಮೈಸೇರಿದ್ದು ಆಗಲೂ ಮರೆತಿರಲಿಲ್ಲ. ಎರಡೂ ಒಂದೇ ಊರಿನ ಸುದ್ದಿ.

ಆಯಿಗೆ ಅಂದು ಕೊಟ್ಟ ಉತ್ತರ ಅವರಿಗೆ ಸಮಾಧಾನ ತರಲಿಲ್ಲ. ಅವರನ್ನು ಒಲಿಸಿದ್ದು ವಾರ್ಡನ್. ನಮ್ಮ ವಲಯದಲ್ಲಿ ಸ್ವಯಂಸೇವಕ ವಾರ್ಡನ್‌ಗಳಿದ್ದಾರೆ. ಊರವರೇ, ಮೀನುಗಾರರು, ಶಾಲೆಯ ಬಸ್ ಓಡಿಸುವವರು. ಮನೆಮನೆಗೆ ಬಂದು ಯಾರು ಯಾರಿದ್ದೀರಿ, ನಡೆಯಲಾರದವರು ಇದ್ದಾರೆಯೇ, ಕಾರು ಇದೆಯೇ ಎಂದು ಬರೆದುಕೊಂಡು ಹೋಗುತ್ತಾರೆ. ಪೊಟ್ಯಾಸಿಯಂ ಅಯೊಡೈಡ್ ಮಾತ್ರೆಗಳೂ ಮನೆಗೇ ಬರುತ್ತವೆ. ನಮ್ಮ ವಾರ್ಡನ್ ಆಯಿಯ ಹೆಸರನ್ನು ಮೂರು ಸಲ ಕೇಳಿ, ನಾಲ್ಕನೆಯ ಸಲ ಸರಿಯಾಗಿ ಉಚ್ಚರಿಸಿ, ಬರೆದುಕೊಂಡ. ಎರಡು ತಿಂಗಳ ಅತಿಥಿಯ ಹೆಸರು! "ಇವ ಬಂದು ಕರಕೊಂಡು ಹೋಗ್ತ್ನಡ" ಎಂದು ಆಯಿ ಊರಿಗೆ ಫೋನ್ ಮಾಡಿ ಹೇಳಿದರು. ಮಾತ್ರೆಗಳನ್ನು ದೇವರ ಕಪಾಟಿನಲ್ಲಿ ಕರ್ಪೂರದ ಪಕ್ಕ ಇಟ್ಟವರೂ ಅವರೇ. ಈಗಲೂ ಅಲ್ಲೇ ಇವೆ, ಅವಧಿ ಮುಗಿಯುವ ಮೊದಲು ಬದಲಾಯಿಸುತ್ತಿರುತ್ತೇವೆ.

ಈ ಮಾತ್ರೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ವೈದ್ಯರ ಲೇಖನವಾಗದು. ನಮ್ಮ ಗಂಟಲ ಥೈರಾಯ್ಡ್ ಗ್ರಂಥಿಗೆ ಅಯೊಡಿನ್ ಬೇಕು. ಬಂದದ್ದು ಒಳ್ಳೆಯದೋ ವಿಕಿರಣದ್ದೋ ಎಂದು ಅದು ನೋಡುವುದಿಲ್ಲ. ಮೊದಲೇ ಒಳ್ಳೆಯದರಿಂದ ಹೊಟ್ಟೆ ತುಂಬಿಸಿಬಿಟ್ಟರೆ ಕೆಟ್ಟದ್ದಕ್ಕೆ ಜಾಗವಿಲ್ಲ. ಅಷ್ಟೇ ಇದರ ಕೆಲಸ. ಬೇರೆ ಯಾವ ವಿಕಿರಣವನ್ನೂ ಇದು ತಡೆಯದು. 1986ರಲ್ಲಿ ಚೆರ್ನೋಬಿಲ್ ಆದಾಗ ಪೋಲೆಂಡಿನಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೊಡೈಡ್ ಕುಡಿಸಿದರು. ಬೆಲಾರುಸ್, ಉಕ್ರೇನ್ ಕಡೆ ಮಕ್ಕಳು ವಿಕಿರಣ ಬೆರೆತ ಹಾಲನ್ನೇ ಕುಡಿದರು, ಮುಂದೆ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಮಾತ್ರೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಮಕ್ಕಳಿಗೆ ಮತ್ತು ಬಸುರಿಯರಿಗೆ. 40 ದಾಟಿದ ನಮ್ಮಂಥವರಿಗೆ ಲಾಭ ಕಡಿಮೆ. ಹೇಳಿದಾಗ ಮಾತ್ರ ತೆಗೆದುಕೊಳ್ಳಬೇಕು. ಡಲ್ಸ್ ತಿನ್ನುತ್ತೇವಲ್ಲ, ಸಾಲದೇ ಎಂದು ನಮ್ಮೂರ ಅಜ್ಜಂದಿರು ಕೇಳುತ್ತಾರೆ. ಸಾಲದು. ವಯಸ್ಕರ 130 ಮಿಲಿಗ್ರಾಂ ಮಾತ್ರೆಯಲ್ಲಿ ದಿನಕ್ಕೆ ಬೇಕಾದ ಅಯೊಡಿನ್‌ನ 600 ಪಟ್ಟಿಗೂ ಮಿಕ್ಕಿ ಇರುತ್ತದೆ.

ಅಂದಹಾಗೆ, ನಮ್ಮನ್ನು ಕನಿಕರದಿಂದ ನೋಡುವ ಟೊರಾಂಟೊ ಬಂಧುಗಳು ಸ್ವಲ್ಪ ನಕ್ಷೆ ತೆಗೆದು ನೋಡಬೇಕು. ಪಿಕರಿಂಗ್ ಸ್ಥಾವರ ನಿಮ್ಮ ನಗರದ ನಡುವಿನಿಂದ ಸುಮಾರು 30 ಕಿ.ಮೀ. ಅಷ್ಟೆ. 2020ರ ಜನವರಿ 12ರ ಭಾನುವಾರ ಬೆಳಿಗ್ಗೆ ಇಡೀ ಒಂಟೇರಿಯೋದ ಫೋನುಗಳು ಕಿರುಚಿದ್ದು ನೆನಪಿದೆಯಲ್ಲ? ಅದು ತಪ್ಪಿ ಹೋದ ಸಂದೇಶ ಎಂದು ತಿಳಿಸಲು ಹತ್ತಿರ ಹತ್ತಿರ ಎರಡು ಗಂಟೆ ಹಿಡಿಯಿತು. ಆ ಬೆಳಿಗ್ಗೆ ಸ್ಕಾರ್‌ಬರೋದ ಮಿತ್ರರೊಬ್ಬರು ನಮಗೇ ಫೋನ್ ಮಾಡಿ "ಈಗ ಏನ್ಮಾಡೋದು?" ಎಂದರು. ಮಾತ್ರೆ ಇದೆಯೇ ಎಂದೆವು. ಯಾವ ಮಾತ್ರೆ ಎಂದರು.

ಕ್ಯಾನ್ಸರ್ ಬಗ್ಗೆ ನೇರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಕ್ಲಿನಿಕ್ಕಿನಲ್ಲಿ ಯಾರ ಕುತ್ತಿಗೆಯಲ್ಲಿ ಗಂಟು ಸಿಕ್ಕಿದರೂ ಮೊದಲ ಪ್ರಶ್ನೆ "ಇದು ಅದರದ್ದೇ?" ಒಂಟೇರಿಯೋದ ಮೂರು ಸ್ಥಾವರಗಳ ಸುತ್ತ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಥಾವರಕ್ಕೂ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. 2007ರ ಜರ್ಮನಿಯ ಅಧ್ಯಯನದಲ್ಲಿ ಮಾತ್ರ 5 ಕಿ.ಮೀ. ಒಳಗಿನ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚು ಕಂಡಿತು. ಸ್ಥಾವರದಿಂದ ಬರುವ ಅಲ್ಪ ವಿಕಿರಣದಿಂದ ಅಷ್ಟು ಆಗಲಾರದು ಎಂದು ಅದನ್ನು ಮಾಡಿದವರೇ ಬರೆದರು, ಆದರೆ ಬೇರೆ ಕಾರಣವನ್ನೂ ತೋರಿಸಲಾಗಲಿಲ್ಲ. ಎರಡನ್ನೂ ರೋಗಿಗಳಿಗೆ ಹೇಳುತ್ತೇವೆ. ಒಂದನ್ನೇ ಹೇಳುವ ವೈದ್ಯರನ್ನು ನಾವಂತೂ ನಂಬುವುದಿಲ್ಲ.

ಮೂರನೆಯದನ್ನೂ ಹೇಳುತ್ತೇವೆ, ಅದು ಸ್ಥಾವರದ್ದಲ್ಲ, ನೆಲಮಾಳಿಗೆಯದ್ದು. ಮಣ್ಣಿನ ಯುರೇನಿಯಂನಿಂದ ಏಳುವ ರೇಡಾನ್ ಅನಿಲ ಬೇಸ್‌ಮೆಂಟಿನಲ್ಲಿ ಕೂಡುತ್ತದೆ. ಬೀಡಿ ಸಿಗರೇಟು ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರಿಗೆ ಈ ದೇಶದಲ್ಲಿ ಅದೇ ಮುಖ್ಯ ಕಾರಣ. ನ್ಯೂ ಬ್ರನ್ಸ್‌ವಿಕ್ ರೇಡಾನ್ ಹೆಚ್ಚಿರುವ ಪ್ರಾಂತ್ಯಗಳಲ್ಲೊಂದು. ಕೆನಡಾ ಸರ್ಕಾರ ಹಾಕಿದ ಗೆರೆ ಘನ ಮೀಟರಿಗೆ 200 ಬೆಕರೆಲ್. ನಮ್ಮ ಮನೆಯಲ್ಲಿ ಅಳೆದಾಗ ಅದಕ್ಕಿಂತ ಹೆಚ್ಚಿತ್ತು. ಕೊಳವೆ, ಫ್ಯಾನು ಹಾಕಿಸಿ ಇಳಿಸಿಕೊಂಡೆವು. ಮಗಳು ಅಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು! ಗುಮ್ಮಟದತ್ತ ನೋಡಿ ಹೆದರುವ ಎಷ್ಟು ಮಂದಿ ತಮ್ಮ ಬೇಸ್‌ಮೆಂಟ್ ಅಳೆಸಿದ್ದಾರೋ.

ಭಯದ ಮಾತಿಗೆ ಬಂದರೆ, ನಮಗಿರುವ ಭಯ ಬೇರೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಆದಾಗ ಲೆಪ್ರೋ ಮುಚ್ಚಿತ್ತು. 2008ರಲ್ಲಿ ರಿಪೇರಿಗೆಂದು ಮುಚ್ಚಿದ್ದು ಮತ್ತೆ ಶುರುವಾದದ್ದು 2012ರ ಕೊನೆಗೆ. ಆದರೂ ಆ ತಿಂಗಳು ಕ್ಲಿನಿಕ್ ತುಂಬಿ ತುಳುಕಿತು. ನಮ್ಮ ಮನಸ್ಸನ್ನು ಹಿಡಿದದ್ದು ಸ್ಫೋಟದ ಚಿತ್ರಗಳಲ್ಲ, ಫುತಾಬಾ ಆಸ್ಪತ್ರೆಯ ಸುದ್ದಿ. ಹಾಸಿಗೆ ಹಿಡಿದ ವೃದ್ಧರನ್ನು ಬಸ್ಸುಗಳಲ್ಲಿ ಕೂರಿಸಿ ಗಂಟೆಗಟ್ಟಲೆ ಸಾಗಿಸಿದರು. ಹತ್ತಾರು ಮಂದಿ ದಾರಿಯಲ್ಲಿ, ಇಳಿಸಿದ ಶಾಲೆಯ ನೆಲದ ಮೇಲೆ, ಆಸ್ಪತ್ರೆಯಲ್ಲಿ ಕಾಯುತ್ತಾ ಸತ್ತರು. ಕೊಂದದ್ದು ವಿಕಿರಣವಲ್ಲ, ಚಳಿ, ನೀರಿಲ್ಲದ್ದು, ಔಷಧಿ ಇಲ್ಲದ್ದು. ಫುಕುಶಿಮಾ ಪ್ರಾಂತ್ಯದಲ್ಲಿ ಹೀಗೆ ಸ್ಥಳಾಂತರ ಮತ್ತು ಅದರ ಬವಣೆಯಿಂದ ಸತ್ತವರ ಲೆಕ್ಕ 2,000 ದಾಟಿತು.

ಆಗ ನಮ್ಮ ಪಟ್ಟಿಯಲ್ಲಿ ಆಮ್ಲಜನಕದ ಮೇಲೆ ಬದುಕುತ್ತಿದ್ದ ಒಬ್ಬ ಹಳೆಯ ಮೀನುಗಾರರಿದ್ದರು. ಒಂಟಿ ಮನೆ, ಕೊಲ್ಲಿಗೆ ಎದುರಾಗಿ. "ಸೈರನ್ ಆದರೂ ಸರಿ, ನಾನು ಇಲ್ಲಿಂದ ಏಳೋದಿಲ್ಲ" ಎಂದು ಹಟ. ಎರಡು ಸಂಜೆ ಅವರ ಅಡಿಗೆಮನೆಯಲ್ಲಿ ಕೂತು ವಾದ ಮಾಡಿದೆವು. ಸಿಲಿಂಡರ್ ಎಷ್ಟು ಗಂಟೆ ಬರುತ್ತದೆ, ಯಾರ ಟ್ರಕ್, ಕೂತೇ ಹೋಗಬಹುದೇ, ಅಲ್ಲಿ ಸಾಯಬೇಕಾಗಿ ಬಂದರೆ ಎಲ್ಲಿ ಹೂಳುತ್ತಾರೆ, ಎಲ್ಲ ಕೇಳಿದರು. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪ್ರತಿ ವಾರ್ಡನ್ ಕೈಗೆ ಕೊಟ್ಟೆವು. ಅಲ್ಲಿಂದ ನಮ್ಮ ಹಾಸಿಗೆ ಹಿಡಿದ ರೋಗಿಗಳೆಲ್ಲರ ಫ್ರಿಜ್ಜಿನ ಮೇಲೂ ಅಂಥ ಹಾಳೆ ಇದೆ. ಅಣಕು ಕವಾಯತು 2015ರಲ್ಲೂ 2018ರಲ್ಲೂ ದೊಡ್ಡದಾಗಿ ನಡೆಯಿತು. ಮೊದಲನೆಯದರ ದಿನ ಆ ಅಜ್ಜ ಫೋನ್ ಮಾಡಿ "ಇವತ್ತು ಸುಮ್ನೆ ಆಟ ತಾನೆ? ಹಾಗಿದ್ರೆ ಟ್ರಕ್ ಬೇಡ ಅಂತ ಹೇಳಿ" ಎಂದರು. ಎರಡನೆಯದರ ಹೊತ್ತಿಗೆ ತೀರಿಕೊಂಡಿದ್ದರು, ತಮ್ಮ ಮನೆಯಲ್ಲೇ, ತಮ್ಮ ಶ್ವಾಸಕೋಶದಿಂದಲೇ.

ಸ್ಥಾವರಕ್ಕೆ 2022ರಲ್ಲಿ ಇನ್ನೂ ಹತ್ತು ವರ್ಷದ ಪರವಾನಗಿ ಸಿಕ್ಕಿದೆ. ಈ ನೆಲದ ಮೂಲನಿವಾಸಿಗಳಾದ ಪೆಸ್ಕೊಟೊಮುಕಾಟಿ ಜನ ಆಗ ಗಟ್ಟಿಯಾಗಿ ಮಾತಾಡಿದರು. ಉರಿದ ಇಂಧನವೆಲ್ಲ ಇನ್ನೂ ಇಲ್ಲೇ ಇದೆ, ಹೆಚ್ಚಿನದು ದಡದ ಮೇಲಿನ ಕಾಂಕ್ರೀಟ್ ಕಣಜಗಳಲ್ಲಿ. ಅದನ್ನು ಆಳದಲ್ಲಿ ಹೂಳಲು ವಾಯವ್ಯ ಒಂಟೇರಿಯೋದಲ್ಲಿ ಜಾಗ ಆರಿಸಿದ್ದು 2024ರ ನವೆಂಬರ್‌ನಲ್ಲಿ. ಅದು ತೆರೆಯುವ ಹೊತ್ತಿಗೆ ನಾವು ಫ್ರಿಜ್ಜಿಗೆ ಹಾಳೆ ಅಂಟಿಸಿಕೊಂಡವರ ಸಾಲಿಗೆ ಸೇರಿರುತ್ತೇವೆ.

ಹೋದ ಶರತ್ಕಾಲ ವಾರ್ಡನ್ ಬಂದಿದ್ದ, ಆ ಹಳೆಯ ವಾರ್ಡನ್‌ನ ಮಗ. ಮಗಳು ಓದು ಮುಗಿಸಿ ಹ್ಯಾಲಿಫ್ಯಾಕ್ಸಿಗೆ ಕೆಲಸಕ್ಕೆ ಹೋಗಿದ್ದಾಳೆ. ಆಯಿ ಈಗಿಲ್ಲ. ಚಹಾ ಕುಡಿದು, ಫಾರ್ಮಿನಲ್ಲಿ ಎರಡು ಹೆಸರು ಬರೆದು, ಪೆನ್ನು ಎತ್ತದೆ ಕೇಳಿದ: "ಡಾಕ್ಟರ್, ನೀವು ಊರು ಬಿಡೋದಾದರೆ ಮೊದಲೇ ಹೇಳಿ. ಆ ಹಾಳೆಗಳನ್ನೆಲ್ಲ ಇನ್ಯಾರು ಬರೀತಾರೆ?" ಇನ್ನೊಂದು ಲೋಟ ಚಹಾ ಹಾಕಿಕೊಟ್ಟೆವು.