ಎರಡನೇ ಗಾಡಿ

ನಮ್ಮ ವಡೋದರಾದ ಸೊಸೈಟಿಯಲ್ಲಿ ಯಾರಾದರೂ ಹೊಸ ಕಾರು ತಂದರೆ ಪೇಡೆ ಬಾಯಿಗೆ ಹಾಕಿಕೊಳ್ಳುತ್ತಲೇ ಜನ ಕೇಳೋ ಮೊದಲ ಪ್ರಶ್ನೆ, "ಎವರೇಜ್ ಕೇಟಲೀ ಆಪೇ ಛೇ?" ನಾವು ಮೈಲೇಜ್ ಅನ್ನೋದನ್ನ ಇವರು ಎವರೇಜ್ ಅಂತಾರೆ. ಉತ್ತರ ಕೇಳಿ ಮನಸ್ಸಿನಲ್ಲೇ ಗುಣಾಕಾರ, ಭಾಗಾಕಾರ ಎಲ್ಲ ಮುಗಿಸಿ ಒಂದೇ ಮಾತಲ್ಲಿ ತೀರ್ಪು ಕೊಡ್ತಾರೆ: "ಪೋಸಾಯ್" ಅಥವಾ "ನ ಪೋಸಾಯ್". ಪೋಸಾಯ್ ಅಂದರೆ ಗಿಟ್ಟುತ್ತೆ ಅಂತ. ಇಷ್ಟು ವರ್ಷ ಇಲ್ಲಿದ್ದು ನಾನು ಚೆನ್ನಾಗಿ ಕಲಿತ ಗುಜರಾತಿ ಪದ ಅದೊಂದೇ ಇರಬೇಕು.

ಈಗ ಆ ಪದ ನೆನಪಾಗೋಕೆ ಕಾರಣ ಕರೆಂಟ್ ಗಾಡಿ. ನನ್ನ ಹಳೇ ಡೀಸೆಲ್ ಕಾರು ಮುದುಕಾಗಿದೆ. ಸೂರತ್‌ನಲ್ಲಿ ಕೆಲಸಕ್ಕಿರೋ ಮಗ, "ಅಪ್ಪಾ, ಇನ್ನ ಡೀಸೆಲ್ ಬ್ಯಾಡ, ಎಲೆಕ್ಟ್ರಿಕ್ ಎಸ್‌ಯುವಿ ತಗೋರಿ" ಅಂತ ಗಂಟುಬಿದ್ದಿದ್ದಾನೆ. ಅವನು ತೋರಿಸಿದ್ದು ವಿನ್‌ಫಾಸ್ಟ್ ಅನ್ನೋ ವಿಯೆಟ್ನಾಂ ಕಂಪನಿಯ ವಿಎಫ್ 6. ಈ ಕಂಪನಿ ಭಾರತದಲ್ಲಿ ತನ್ನ ಮೊಟ್ಟಮೊದಲ ಶೋರೂಮ್ ತೆರೆದದ್ದು ದೆಹಲಿಯಲ್ಲೂ ಅಲ್ಲ, ಮುಂಬೈಯಲ್ಲೂ ಅಲ್ಲ. 2025ರ ಜುಲೈನಲ್ಲಿ, ಸೂರತ್‌ನ ಪಿಪ್‌ಲೋದ್‌ನಲ್ಲಿ! ಕಾರ್ಖಾನೆ ತಮಿಳುನಾಡಿನ ತೂತ್ತುಕುಡಿಯಲ್ಲಿ, ಮೊದಲ ಅಂಗಡಿ ವಜ್ರದ ಊರಲ್ಲಿ. ದುಡ್ಡು ಎಲ್ಲಿದೆ ಅಂತ ಅವರಿಗೂ ಗೊತ್ತು ಬಿಡಿ.

ಹಾಗೆ ನೋಡಿದರೆ ಕರೆಂಟ್ ಗಾಡಿಗಳು ನಮ್ಮ ಸುತ್ತಲೇ ಇವೆ. ನಮ್ಮೂರಿನ ಪಕ್ಕದ ಹಾಲೋಲ್‌ನಲ್ಲಿ ಎಂಜಿ ಕಂಪನಿಯವರು ವಿಂಡ್ಸರ್ ತಯಾರಿಸ್ತಾರೆ. ಅಹಮದಾಬಾದಿನ ಆಚೆ ಹನ್ಸಲ್‌ಪುರದ ಸುಜುಕಿ ಕಾರ್ಖಾನೆಯಿಂದ 2025ರ ಆಗಸ್ಟ್ 26ರಂದು ಪ್ರಧಾನಿಯವರೇ ಇ ವಿಟಾರಾಗೆ ಹಸಿರು ನಿಶಾನೆ ತೋರಿಸಿದರು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಒಂದೇ ದಾರಿಯ ಮೇಲಿರೋ ಊರುಗಳು. ಅಹಮದಾಬಾದಿನಿಂದ ಇಲ್ಲಿಗೆ ನೂರಾ ಹತ್ತು ಕಿಲೋಮೀಟರ್, ಇಲ್ಲಿಂದ ಸೂರತ್‌ಗೆ ನೂರೈವತ್ತು. ವಿಎಫ್ 6 ಒಂದು ಚಾರ್ಜಿಗೆ 468 ಕಿಲೋಮೀಟರ್ ಅಂತ ಪ್ರಮಾಣಪತ್ರ ಪಡೆದಿದೆ. ಎಸಿ ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ ಅಷ್ಟು ಬರಲ್ಲ. ನಾನು 300 ಅಂತ ಹಿಡಿದೆ. ಆದರೂ ಈ ತುದಿಯಿಂದ ಆ ತುದಿಗೆ ಸಾಕು.

ಹಾಗಾದರೆ ಇಲ್ಲಿ ಇಂಥ ಗಾಡಿ ಬಿಸಿ ದೋಸೆ ಥರ ಮಾರಾಟ ಆಗಬೇಕಲ್ಲ? ಇಲ್ಲೇ ನೋಡಿ ಪೋಸಾಯ್ ಲೆಕ್ಕ ಶುರುವಾಗೋದು.

ಗುಜರಾತಿನಲ್ಲಿ ಕರೆಂಟ್ ಗಾಡಿಯ ನಿಜವಾದ ಎದುರಾಳಿ ಪೆಟ್ರೋಲ್ ಅಲ್ಲ, ಸಿಎನ್‌ಜಿ. ಇಲ್ಲಿ ಎಲ್ಲಿ ಹೋದರೂ ಗ್ಯಾಸ್ ಪಂಪ್ ಸಿಗುತ್ತೆ. ಗ್ಯಾಸ್ ಕಿಲೋಗೆ 80 ರೂಪಾಯಿ, ಕಿಲೋಗೆ 22 ಕಿಲೋಮೀಟರ್ ಅಂತ ಹಿಡಿಯಿರಿ, ಕಿಲೋಮೀಟರಿಗೆ ಮೂರೂವರೆ ರೂಪಾಯಿ ಮೇಲೆ ಸ್ವಲ್ಪ. ಮನೆಯ ಕರೆಂಟ್ ಯೂನಿಟ್ಟಿಗೆ 8 ರೂಪಾಯಿ, ಯೂನಿಟ್ಟಿಗೆ 7 ಕಿಲೋಮೀಟರ್ ಅಂದರೆ ಒಂದೂ ಕಾಲು ರೂಪಾಯಿಯೊಳಗೆ ಆಗುತ್ತೆ. ಕಿಲೋಮೀಟರಿಗೆ ಉಳಿಯೋದು ಸುಮಾರು 2 ರೂಪಾಯಿ 50 ಪೈಸೆ. ನನ್ನ ಹಾಗೆ ತಿಂಗಳಿಗೆ 1000 ಕಿಲೋಮೀಟರ್ ಓಡಿಸೋನಿಗೆ ವರ್ಷಕ್ಕೆ ಸುಮಾರು 30 ಸಾವಿರ ಉಳಿತಾಯ. ವಿಎಫ್ 6 ಬಿಡುಗಡೆಯಾದಾಗ ಶೋರೂಮ್ ಬೆಲೆ 16.49 ಲಕ್ಷದಿಂದ ಶುರು. ಹತ್ತೂವರೆ ಲಕ್ಷದ ಸಿಎನ್‌ಜಿ ಗಾಡಿಗಿಂತ ಆರು ಲಕ್ಷ ಜಾಸ್ತಿ. ಆ ಆರು ಲಕ್ಷ ವಾಪಸ್ ಬರೋಕೆ ಇಪ್ಪತ್ತು ವರ್ಷ ಬೇಕು! ನ ಪೋಸಾಯ್.

ಬ್ಯಾಟರಿಯನ್ನ ಬಾಡಿಗೆಗೆ ಕೊಡೋ ಉಪಾಯವೂ ಬಂತು. 2024ರಲ್ಲಿ ವಿಂಡ್ಸರ್ ಬಂದಾಗ ಬ್ಯಾಟರಿ ಬಿಟ್ಟು 9.99 ಲಕ್ಷ, ಆಮೇಲೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ ಬಾಡಿಗೆ ಅಂದರು. ಕೊಳ್ಳುವಾಗ ಹಗುರ, ನಿಜ. ಆದರೆ ಬಾಡಿಗೆಗೆ ಕರೆಂಟ್ ಖರ್ಚು ಸೇರಿಸಿದರೆ ಓಡಿಸೋ ಖರ್ಚು ಗ್ಯಾಸನ್ನೂ ದಾಟುತ್ತೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್, ಸಿಎನ್‌ಜಿ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್‌ಗೆ ಮೊದಲೇ 5 ಇತ್ತು, ಅದು ಹಾಗೇ ಉಳಿಯಿತು. ಅಂತರ ಅಲ್ಲೂ ಕಮ್ಮಿಯಾಯಿತು.

ಇದೇ ಲೆಕ್ಕವನ್ನ ಪಕ್ಕದ ಮನೆಯವರಿಗೆ ಹಾಕಿ ನೋಡಿದೆ. ಬಟ್ಟೆ ವ್ಯಾಪಾರ, ವಾರಕ್ಕೆ ಎರಡು ಸಲ ಸೂರತ್‌ಗೆ ಹೋಗಿಬರ್ತಾರೆ. ತಿಂಗಳಿಗೆ 3000 ಕಿಲೋಮೀಟರ್ ಆರಾಮಾಗಿ ಆಗುತ್ತೆ. ಆರು ಲಕ್ಷ ಅವರಿಗೆ ಏಳು ವರ್ಷದಲ್ಲಿ ವಾಪಸ್. ಅವರದು ಟೆನಾಮೆಂಟ್ ಮನೆ, ಅಂದರೆ ಸ್ವಂತ ಅಂಗಳ, ಸ್ವಂತ ಛಾವಣಿ, ಛಾವಣಿ ತುಂಬ ಸೋಲಾರ್. ಅದನ್ನೂ ಹಿಡಿದರೆ ಇನ್ನೂ ಬೇಗ. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಳದಲ್ಲಿ ಈಗಾಗಲೇ ಒಂದು ಪೆಟ್ರೋಲ್ ಕಾರಿದೆ. ನಾಥದ್ವಾರಕ್ಕೋ ಸೋಮನಾಥಕ್ಕೋ ಮನೆಮಂದಿಯೆಲ್ಲ ಹೊರಟರೆ ಅದು. ದಿನದ ಓಡಾಟಕ್ಕೆ ಕರೆಂಟ್ ಗಾಡಿ. ಕಾಗದದ ಮೇಲೆ ಬರೆದು ತೋರಿಸಿದೆ. ಎರಡು ನಿಮಿಷ ನೋಡಿ, "ಪೋಸಾಯ್, ಭಾಯ್" ಅಂದರು.

ನನಗೆ ಅನ್ನಿಸೋದು ಇಷ್ಟೇ. ಈ ಮೂರು ಊರಲ್ಲಿ ಹೊಸ ಎಲೆಕ್ಟ್ರಿಕ್ ಎಸ್‌ಯುವಿ ಮಾರಾಟ ಆಗುತ್ತೆ, ಆದರೆ ಎರಡನೇ ಗಾಡಿಯಾಗಿ. ನಮ್ಮ ಬೆಂಗಳೂರಿನ ರೇವಾ ನೆನಪಿದೆಯಾ? 2001ರಲ್ಲೇ ರಸ್ತೆಗಿಳಿದ ಪುಟ್ಟ ಕಾರು, ಚೇತನ್ ಮೈನಿಯವರ ಕನಸು. ಅದೂ ಊರೊಳಗಿನ ಓಡಾಟದ ಗಾಡಿಯೇ ಆಗಿತ್ತು. ಅಲ್ಲಿಂದ ಇಲ್ಲಿಗೆ ಬ್ಯಾಟರಿ ಎಷ್ಟೋ ಪಟ್ಟು ದೊಡ್ಡದಾಗಿದೆ. ಒಂದೇ ಗಾಡಿ ಇರೋ ಮನೆಯವನ ಅಳುಕು ಮಾತ್ರ ಪೂರ್ತಿ ಹೋಗಿಲ್ಲ.

ಅಳುಕಿಗೆ ಇನ್ನೊಂದು ಕಾರಣವೂ ಇದೆ. ಇದೇ ಹಾಲೋಲ್‌ನಲ್ಲಿ ಮೊದಲು ಜನರಲ್ ಮೋಟರ್ಸ್ ಇತ್ತು. 2017ರಲ್ಲಿ ಕಾರ್ಖಾನೆ ಮುಚ್ಚಿತು, ಅದೇ ವರ್ಷದ ಕೊನೆಗೆ ದೇಶದಲ್ಲಿ ಮಾರಾಟವನ್ನೂ ನಿಲ್ಲಿಸಿತು. ಸಾಣಂದದಲ್ಲಿ ಫೋರ್ಡ್ ಇತ್ತು, 2021ರಲ್ಲಿ ಉತ್ಪಾದನೆ ನಿಲ್ಲಿಸ್ತೀವಿ ಅಂದರು, 2023ರಲ್ಲಿ ಆ ಕಾರ್ಖಾನೆ ಟಾಟಾ ಕೈ ಸೇರಿತು. ಕಂಪನಿ ಬಂದದ್ದನ್ನೂ ಹೋದದ್ದನ್ನೂ ಕಣ್ಣಾರೆ ಕಂಡ ಜನ ಇವರು. ವಾರಂಟಿ ಎಷ್ಟು ವರ್ಷ ಅಂತ ಕೇಳಿದ ಮೇಲೆ, ಅಲ್ಲಿಯವರೆಗೆ ನೀವು ಇರ್ತೀರಾ ಅಂತಲೂ ಕೇಳ್ತಾರೆ.

ಇನ್ನು ನನ್ನ ವಿಷಯ. ನಮ್ಮದು ಒಂದೇ ಗಾಡಿ, ಅದೇ ಊರಿಗೆ ಹೋಗೋ ಗಾಡಿ. ನಮ್ಮ ಸೊಸೈಟಿ ಗೇಟಿನಿಂದ ಹತ್ತು ನಿಮಿಷಕ್ಕೆ ಸಿಗೋ ರಾಷ್ಟ್ರೀಯ ಹೆದ್ದಾರಿ 48, ಸೂರತ್, ಮುಂಬೈ, ಪುಣೆ, ಕೊಲ್ಹಾಪುರ, ಬೆಳಗಾವಿ ದಾಟಿ ನೆಟ್ಟಗೆ ನಮ್ಮ ಹುಬ್ಬಳ್ಳಿಗೇ ಹೋಗುತ್ತೆ. ಸಾವಿರ ಕಿಲೋಮೀಟರ್, ಒಂದೇ ನಂಬರಿನ ರಸ್ತೆ. ಮನಸ್ಸು ಭಾರವಾದಾಗ ಆ ಬೋರ್ಡ್ ನೋಡಿಯೇ ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೀನಿ.

2019ರ ಒಂದು ರಾತ್ರಿ ಹನ್ನೊಂದಕ್ಕೆ ತಮ್ಮನ ಫೋನ್ ಬಂತು. "ಅಣ್ಣಾ, ಅಪ್ಪಾರನ್ನ ದವಾಖಾನಿಗೆ ಸೇರಿಸೇವಿ, ಬಂದಬಿಡು." ಅರ್ಧ ಗಂಟೆಯಲ್ಲಿ ಹೊರಟೆವು. ದಾರಿಯಲ್ಲಿ ಡೀಸೆಲ್‌ಗೆ ಒಮ್ಮೆ, ಚಹಾಕ್ಕೆ ಎರಡು ಸಲ ನಿಲ್ಲಿಸಿದ್ದು ಬಿಟ್ಟರೆ ಇಲ್ಲ. ಮರುದಿನ ಸಂಜೆ ಹೋಗಿ ಮುಟ್ಟಿದಾಗ ಅಪ್ಪ ಕಣ್ಣು ಬಿಟ್ಟು, "ಗಾಡಿ ತಗೊಂಡ ಬಂದಿ ಏನ?" ಅಂದರು. ಅದೇ ಕೊನೆಯ ಮಾತು. ಬೆಳಗಿನ ಜಾವ ಹೋದರು.

ಈಗ ಲೆಕ್ಕ ಹಾಕ್ತೀನಿ. ಕರೆಂಟ್ ಗಾಡಿಯಾದರೆ ದಾರಿಯಲ್ಲಿ ನಾಲ್ಕು ಸಲ ಚಾರ್ಜ್, ಪ್ರತಿ ಸಲ ಮುಕ್ಕಾಲು ಗಂಟೆ. ಒಟ್ಟು ಮೂರು ಗಂಟೆ. ಅದೂ ಚಾರ್ಜರ್ ಸರಿಯಿದ್ದು, ಮುಂದೆ ಪಾಳಿ ಇಲ್ಲದಿದ್ದರೆ. ದೀಪಾವಳಿಗೆ ಹೋಗೋವಾಗ ಮೂರು ಗಂಟೆ ಏನೂ ಅಲ್ಲ. ಊಟ, ವಿಶ್ರಾಂತಿ ಅಂತ ನಾವೇ ಅಷ್ಟು ಕಳೀತೀವಿ. ಆದರೆ ಅಂಥ ಒಂದು ರಾತ್ರಿಗೆ? ಅವ್ವಗೆ ಈಗ ಎಂಬತ್ತೆರಡು. ಯಾವ ಶೋರೂಮಿನವನಿಗೂ ನಾನು ಈ ಪ್ರಶ್ನೆ ಕೇಳೋಕಾಗಲ್ಲ, ಕೇಳಿದರೂ ಅವನಿಗೆ ಅರ್ಥ ಆಗಲ್ಲ. ನಮ್ಮವಳು ಮಾತ್ರ ತನ್ನ ರೀತಿಯಲ್ಲಿ ಕೇಳಿಬಿಟ್ಟಳು: "ನಡು ದಾರ್ಯಾಗ ಚಾರ್ಜ್ ಮುಗದ್ರ ದೂಡಕೋತ ಹೋಗೂದೇನ್ರಿ ಹುಬ್ಬಳ್ಳಿ ತನಕಾ?"

ಮಗನಿಗೆ ಇನ್ನೊಂದು ವರ್ಷ ತಡಿ ಅಂದಿದ್ದೀನಿ. ಪಕ್ಕದ ಮನೆಯವರು ಟೆಸ್ಟ್ ಡ್ರೈವ್‌ಗೆ ಹೋಗಿಬಂದಿದ್ದಾರೆ, ಪೇಡೆ ಬಂದೇ ಬರುತ್ತೆ. ಭಾನುವಾರ ಅವ್ವಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಕೇಳಿದಳು: "ಅದೆಲ್ಲಾ ಇರಲಿ, ಪಂಚಮಿಗೆ ಯಾವ ಗಾಡ್ಯಾಗ ಬರ್ತಿ?"

ನಿಮ್ಮಲ್ಲಿ ಯಾರಾದರೂ ಕರೆಂಟ್ ಗಾಡಿಯಲ್ಲಿ ಈ 48ನೇ ಹೆದ್ದಾರಿ ಹಿಡಿದು ಊರಿಗೆ ಹೋಗಿದ್ದರೆ, ಎಲ್ಲೆಲ್ಲಿ ನಿಲ್ಲಿಸಿದಿರಿ ಅಂತ ತಿಳಿಸಿ. ಸತಾರಾದಿಂದ ಬೆಳಗಾವಿವರೆಗಿನ ರಾತ್ರಿ ಹೊತ್ತಿನ ಸಮಾಚಾರ ಸಿಕ್ಕರೆ ಇನ್ನೂ ಒಳ್ಳೇದು.