ಮಾರಾಟಕ್ಕೆ ನಿಂತ ಯಮಹಾ

ನನ್ನ ಹಳೆಯ ಯಮಹಾ ಆರ್‌ಎಕ್ಸ್ 100 ಬೈಕನ್ನು ಮಾರಿದೆನೆಂಬ ಸುದ್ದಿ ನಿಮ್ಮಲ್ಲಿ ಹಲವರಿಗೆ ಹೇಗೋ ತಲುಪಿದೆ. ಇಬ್ಬರು ಶಿಷ್ಯರು ದೂರವಾಣಿ ಮಾಡಿ, "ಅದನ್ನೂ ಕೊಟ್ಟುಬಿಟ್ರಾ ಸಾರ್?" ಎಂದು ಕೇಳಿದರು. ಶಿವಮೊಗ್ಗದ ನಮ್ಮ ಚಿಕ್ಕಮ್ಮನ ಮಗ, ಸಿಕ್ಕ ಬೆಲೆ ಕೇಳಿ, ನಾನು ಮೋಸ ಹೋದೆನೆಂದು ತೀರ್ಮಾನಿಸಿದ್ದಾನೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿವರಿಸುವುದಕ್ಕಿಂತ ನಡೆದದ್ದನ್ನು ಇಲ್ಲಿ ಬರೆದಿಡುವುದು ಮೇಲೆಂದು ಕುಳಿತಿದ್ದೇನೆ. ಇದರಲ್ಲಿ ನನ್ನದೊಂದು ಹಳೆಯ ತಪ್ಪೂ ಸೇರಿಕೊಂಡಿದೆ.

ಆ ಬೈಕನ್ನು ನಾನು ಕೊಂಡದ್ದು 1989ರಲ್ಲಿ, ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ಶಿಕ್ಷಕರ ಸಹಕಾರ ಸಂಘದಲ್ಲಿ ಸಾಲ ತೆಗೆದು. ಅದಕ್ಕೆ ಮೊದಲು ನಮ್ಮ ಕಡೆಯ ರಸ್ತೆಗಳಲ್ಲಿ ರಾಜ್‌ದೂತ್, ಬುಲೆಟ್ ಮತ್ತು ನಮ್ಮ ಮೈಸೂರಿನ ಯೆಜ್ಡಿ ಇವುಗಳದೇ ರಾಜ್ಯಭಾರ. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿಸಿ ಬೈಕುಗಳು ಒಂದರ ಹಿಂದೊಂದು ಬಂದವು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷದ ಕೊನೆಗೆ ಎಸ್ಕಾರ್ಟ್ಸ್ ಸಂಸ್ಥೆಯ ಮೂಲಕ ಯಮಹಾ. ಹೋಂಡಾ ಕೊಂಡವರು ಪೆಟ್ರೋಲಿನ ಉಳಿತಾಯದ ಮಾತಾಡುತ್ತಿದ್ದರು. ಯಮಹಾ ಕೊಂಡವರು ಅದರ ಓಟದ ಮಾತಾಡುತ್ತಿದ್ದರು. ಗಣಿತ ವಿಜ್ಞಾನಗಳ ಮೇಷ್ಟ್ರಾದ ನಾನು ಲೆಕ್ಕ ಹಾಕಿ ಹೋಂಡಾ ಕೊಳ್ಳಬೇಕಿತ್ತು. ಕೊಳ್ಳಲಿಲ್ಲ.

1990ರ ಆಸುಪಾಸಿನ ನನ್ನ ವಿದ್ಯಾರ್ಥಿಗಳಿಗೆ ಆ ಬೈಕು ಪಾಠೋಪಕರಣವಾಗಿಯೂ ನೆನಪಿರಬೇಕು. ಶಾಲೆಯ ಹಿಂದಿನ ಹೊಂಗೆಮರದ ಕೆಳಗೆ ಅದನ್ನು ನಿಲ್ಲಿಸಿ ಎರಡು ಹೊಡೆತದ ಎಂಜಿನ್ನಿನ ಪಾಠ ಮಾಡುತ್ತಿದ್ದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಒಮ್ಮೆ ಸ್ಫೋಟ. ಇದರಲ್ಲಿ ಪ್ರತಿ ಸುತ್ತಿಗೂ ಸ್ಫೋಟ. ಆದ್ದರಿಂದಲೇ 98 ಸಿಸಿಯ ಆ ಪುಟ್ಟ ಎಂಜಿನ್ನಿಗೆ 11 ಅಶ್ವಶಕ್ತಿ. ಇಂಧನ ಒಳಬರುವ ದಾರಿಯಲ್ಲಿ ಅದಕ್ಕೆ ತೆಳುವಾದ ನಾಲಗೆಗಳುಳ್ಳ ರೀಡ್ ಕವಾಟವಿತ್ತು. ಒಳಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಹೃದಯದ ಕವಾಟವೂ ಹೀಗೆಯೇ ಎಂದು ಒಂದೇ ಪಾಠದಲ್ಲಿ ಎರಡು ವಿಷಯ ಮುಗಿಸುತ್ತಿದ್ದೆ. ಪೆಟ್ರೋಲಿನೊಡನೆ ಎಣ್ಣೆಯೂ ಸುಡುವುದರಿಂದ ಹಿಂದೆ ನೀಲಿ ಹೊಗೆ. ಆ ಹೊಗೆಯೇ ಅದಕ್ಕೆ ಮೃತ್ಯುವಾಯಿತು. ಮಾಲಿನ್ಯದ ನಿಯಮಗಳು ಬಿಗಿಯಾಗುತ್ತ ಬಂದ ಕಾಲದಲ್ಲಿ, 1996ರಲ್ಲಿ, ಆರ್‌ಎಕ್ಸ್ 100ರ ತಯಾರಿಕೆ ನಿಂತಿತು. ನಿಂತ ಮೇಲೆ ಅದರ ಬೆಲೆ ಏರತೊಡಗಿತು!

ನಾನು ಅದನ್ನು 2012ರವರೆಗೆ ಓಡಿಸಿದೆ. ಆಮೇಲೆ ಮಂಡಿನೋವು ಬಂದು, ಕಿಕ್ ಹೊಡೆಯುವುದೇ ಕಷ್ಟವಾಗಿ, ಹಿತ್ತಲಿನ ಸೌದೆಮನೆಗೆ ಸೇರಿಸಿದೆ. ಅಲ್ಲಿ ಅದರ ಮೇಲೆ ಕೋಳಿಗಳು ಕೂತವು, ಸೀಟಿನಲ್ಲಿ ಇಲಿಗಳು ಸಂಸಾರ ಹೂಡಿದವು. ಎರಡು ವರ್ಷದ ಹಿಂದೆ ನನ್ನ ಶಿಷ್ಯನೊಬ್ಬ ಮನೆಗೆ ಬಂದವನು ಅದನ್ನು ಕಂಡು, ಸತ್ತ ಹಸುವನ್ನು ನೋಡಿದವನಂತೆ ನಿಂತುಬಿಟ್ಟ. ತರೀಕೆರೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಹುಡುಗ. ಹುಡುಗ ಎನ್ನುತ್ತೇನೆ, ಅವನಿಗೀಗ ನಲವತ್ತೈದು ದಾಟಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತದಲ್ಲಿ ಎರಡು ಸಲ ನಪಾಸಾದವನು. ಕೈಯಲ್ಲಿ ಮಾತ್ರ ಸರಸ್ವತಿ. "ಸಾರ್, ನನಗೆ ಕೊಡಿ. ಹೊಸದರ ಹಾಗೆ ಮಾಡ್ತೀನಿ. ಕೂಲಿ ಬೇಡ. ಮಾರಿ ಬಂದದ್ದರಲ್ಲಿ ಅರ್ಧ ನಿಮಗೆ, ಅರ್ಧ ನನಗೆ" ಎಂದ. ಒಪ್ಪಿದೆ.

ಒಂಬತ್ತು ತಿಂಗಳು ಅವನು ಅದರ ಮೇಲೆ ದುಡಿದ. ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದ. ಕ್ರ್ಯಾಂಕನ್ನು ಬಿಚ್ಚಿ ಹೊಸ ಬೇರಿಂಗು ಹಾಕಿದ. ಸೈಲೆನ್ಸರಿನ ಒಳಗೆ ಗಟ್ಟಿಗೊಂಡಿದ್ದ ಮಸಿಯನ್ನು ಕೆರೆದು ತೆಗೆದ. ಪೆಟ್ರೋಲ್ ಟ್ಯಾಂಕಿನ ತುಕ್ಕು ಬಿಡಿಸಿ, ಮಡ್‌ಗಾರ್ಡುಗಳಿಗೆ ಕ್ರೋಮ್ ಹಾಕಿಸಿ, ಮೂಲದ ಕಪ್ಪು ಬಣ್ಣವನ್ನೇ ಹೊಡೆಸಿದ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ನಾಲ್ಕು ಸಲ ಹೋಗಿಬಂದ. ಪ್ರತಿ ಸಲವೂ ಹಿಂದಿರುಗಿ ಬಂದು, ತಂದದ್ದನ್ನು ನನ್ನ ಮುಂದೆ ಒಂದು ಹಳೆಯ ಪತ್ರಿಕೆಯ ಮೇಲೆ ಹರಡಿ, ಯಾವುದು ಜಪಾನಿನದು, ಯಾವುದು ನಕಲಿ ಎಂದು ನನಗೇ ಪಾಠ ಹೇಳುತ್ತಿದ್ದ. ನಾನು ಅವಧಿ ಮೀರಿದ್ದ ನೋಂದಣಿಯನ್ನು ದಂಡ, ಹಸಿರು ತೆರಿಗೆ ಎಲ್ಲ ಕಟ್ಟಿ ನವೀಕರಿಸಿದೆ.

ಬೈಕು ಸಿದ್ಧವಾದ ಹದಿನೈದು ದಿನಕ್ಕೆ ದಾವಣಗೆರೆಯಿಂದ ಒಬ್ಬ ತರುಣ ಬಂದ. ಇಪ್ಪತ್ತೈದರ ಒಳಗಿನವನು. ಮೂರನೆಯ ಕಿಕ್ಕಿಗೆ ಎಂಜಿನ್ ಹೊತ್ತಿಕೊಂಡಾಗ ಅವನ ಮುಖ ಅರಳಿದ್ದನ್ನು ನಾನು ನೋಡಿದೆ. 1,40,000 ರೂಪಾಯಿಗೆ ಮಾತು ಮುಗಿಯಿತು. ಹಸ್ತಾಂತರಕ್ಕೆ ಬೇಕಾದ 29 ಮತ್ತು 30ನೇ ನಮೂನೆಗಳನ್ನು ಮೇಜಿನ ಮೇಲಿಟ್ಟು, ಚಾಸಿಯ ಸಂಖ್ಯೆಯನ್ನು ತಾಳೆ ನೋಡಲೆಂದು ನಾನು ಟಾರ್ಚು ಹಿಡಿದು ಬಗ್ಗಿದೆ. ಹ್ಯಾಂಡಲ್ ಕೂರುವ ಕೊರಳಿನ ಭಾಗದಲ್ಲಿ ಅದನ್ನು ಕೆತ್ತಿರುತ್ತಾರೆ. ಸಂಖ್ಯೆ ಸರಿಯಿತ್ತು. ಆದರೆ ಅದರ ಒಂದು ಗೇಣು ಕೆಳಗೆ, ಆ ನಯವಾದ ಕಪ್ಪು ಬಣ್ಣದಡಿಯಲ್ಲಿ, ಏನಿದೆಯೆಂಬುದು ಆ ಮನೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ಈಗ 1995ಕ್ಕೆ ಹೋಗಬೇಕು. ನನ್ನ ತಮ್ಮ ಒಂದು ಭಾನುವಾರ, "ಅಣ್ಣ, ಕೆಮ್ಮಣ್ಣುಗುಂಡಿಗೆ ಹೋಗಿಬರ್ತೀನಿ, ಗಾಡಿ ಕೊಡು" ಎಂದು ಕೇಳಿದ. ಮುಂದಿನ ಬ್ರೇಕಿನ ಕೇಬಲ್ಲು ಎಳೆ ಬಿಡುತ್ತಿದೆಯೆಂದು ನನಗೆ ತಿಳಿದಿತ್ತು. ಸೋಮವಾರ ಬದಲಾಯಿಸೋಣವೆಂದುಕೊಂಡಿದ್ದೆ. ಅವನ ಉತ್ಸಾಹ ಕಂಡು ಹೇಳಲಿಲ್ಲ. ಹೇಳಿದರೆ ಹೋಗುವುದಿಲ್ಲವಲ್ಲ ಎಂದುಕೊಂಡೆ. ಲಿಂಗದಹಳ್ಳಿ ದಾಟಿದ ಮೇಲೆ, ಘಟ್ಟ ಇಳಿಯುವ ತಿರುವಿನಲ್ಲಿ, ಕೇಬಲ್ಲು ಕಿತ್ತುಕೊಂಡು ಬಂತು. ಅವನ ಮೊಣಕಾಲು ಮುರಿಯಿತು. ಬೈಕಿನ ಚಾಸಿ ಕೊರಳಿನ ಬಳಿ ಸೀಳಿತು. ಚಾಸಿಗೆ ಬೆಸುಗೆ ಹಾಕಿಸಿದೆ. ಬೆಸುಗೆ ಹಾಕಿದವನು ಅರದಿಂದ ಎಷ್ಟು ನಯವಾಗಿ ಉಜ್ಜಿಕೊಟ್ಟನೆಂದರೆ ಬಣ್ಣ ಬಳಿದ ಮೇಲೆ ಗುರುತೇ ಇರಲಿಲ್ಲ. ತಮ್ಮನ ಕಾಲಿಗೆ ಗುರುತು ಉಳಿಯಿತು. ಅವನು ಸ್ವಲ್ಪ ಕುಂಟುತ್ತಲೇ ಬದುಕಿ, 2016ರಲ್ಲಿ ಹೃದಯಾಘಾತದಿಂದ ತೀರಿಕೊಂಡ. ತಾನು ಜೋರಾಗಿ ಓಡಿಸಿದ್ದರಿಂದಲೇ ಬಿದ್ದೆನೆಂದು ಅವನು ಎಲ್ಲರೆದುರೂ ಹೇಳುತ್ತಿದ್ದ. ಕೇಬಲ್ಲಿನ ವಿಷಯ ನಾನು ಅವನಿಗೆ ಹೇಳಲೇ ಇಲ್ಲ.

ಆ ಬೆಸುಗೆಯ ಮೇಲೆ ನಾನೇ ಹದಿನೇಳು ವರ್ಷ ಓಡಾಡಿದ್ದೇನೆ, ಏನೂ ಆಗಿಲ್ಲ ಎಂಬ ಸಮಾಧಾನ ಇತ್ತು. ಆದರೆ ನಾನು ಗಂಟೆಗೆ ನಲವತ್ತು ಕಿಲೋಮೀಟರು ದಾಟದ ಮೇಷ್ಟ್ರು. ಎದುರಿಗೆ ನಿಂತಿದ್ದ ಹುಡುಗ ಆ ಗಾಡಿಯನ್ನು ನಲವತ್ತರಲ್ಲಿ ಓಡಿಸಲೆಂದು ಕೊಳ್ಳುತ್ತಿರಲಿಲ್ಲ. ಕಾಫಿ ತಂದಿಟ್ಟ ನನ್ನ ಹೆಂಡತಿ ಮುಖ ನೋಡಿ, "ಯಾಕೆ, ಬೆವರ್ತಿದ್ದೀರಿ?" ಎಂದಳು.

ಹೇಳಿದೆ. ಹುಡುಗ ಒಂದು ನಿಮಿಷ ಸುಮ್ಮನಿದ್ದು, ಕಾಫಿ ಕುಡಿದು, "ಯೋಚನೆ ಮಾಡಿ ಹೇಳ್ತೀನಿ ಸಾರ್" ಎಂದು ಹೋದ. ಮತ್ತೆ ಬರಲಿಲ್ಲ.

ನನಗೆ ಕಷ್ಟವಾದದ್ದು ಅದಲ್ಲ, ಶಿಷ್ಯನ ಮುಖ. ಅವನು ಜಗಲಿಯ ಮೇಲೆ ಕುಳಿತು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಗಿರಾಕಿಗೆ ಹೇಳಿದ್ದು ಸರಿ ಸಾರ್. ನನಗೆ ಒಂಬತ್ತು ತಿಂಗಳು ಯಾಕೆ ಹೇಳಲಿಲ್ಲ? ಬಣ್ಣ ಹೊಡೆಸೋ ಮುಂಚೆ ಹೇಳಿದ್ದರೆ ಅಲ್ಲೇ ನೋಡ್ತಿದ್ದೆನಲ್ಲ. ಟೆಸ್ಟು ಅಂತ ಅದರ ಮೇಲೆ ನನ್ನ ಮಗನನ್ನು ಕೂರಿಸಿಕೊಂಡು ಬೀರೂರಿಗೆ ಹೋಗಿ ಬಂದಿದ್ದೀನಿ" ಎಂದ. ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಮರೆತಿದ್ದೆನೆಂದರೆ ಸುಳ್ಳು.

ಅವನು ಹತ್ತು ದಿನ ಫೋನ್ ಎತ್ತಲಿಲ್ಲ. ಆಮೇಲೆ ತಾನೇ ಬಂದು ಬೈಕನ್ನು ತೆಗೆದುಕೊಂಡು ಹೋದ. ಬೇರೆ ಚಾಸಿ ಹಾಕುವಂತಿಲ್ಲ. ಗಾಡಿಯ ಗುರುತೇ ಚಾಸಿಯ ಸಂಖ್ಯೆ. ಬಣ್ಣ ಕೆರೆದು ನೋಡಿದಾಗ ಹಳೆಯ ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತಂತೆ. ಅದನ್ನು ಪೂರ್ತಿ ಅರೆದು, ಒಳ್ಳೆಯ ಕೆಲಸಗಾರನಿಂದ ಮತ್ತೆ ಬೆಸುಗೆ ಹಾಕಿಸಿ, ಮೇಲೊಂದು ಉಕ್ಕಿನ ಪಟ್ಟಿಯನ್ನೂ ಕೂಡಿಸಿದ. ಈ ಸಲ ಅದನ್ನು ಉಜ್ಜಿ ಮರೆಮಾಡಲಿಲ್ಲ. ಕಡೂರಿನ ಕಡೆಯ ತೋಟದವರೊಬ್ಬರು, ಐವತ್ತು ದಾಟಿದವರು, ಎಲ್ಲವನ್ನೂ ಕೇಳಿ, ಕಣ್ಣಾರೆ ನೋಡಿ, 85,000 ರೂಪಾಯಿಗೆ ಕೊಂಡರು. ಶಿಷ್ಯ ಮೊದಲಿನ ಮಾತಿನಂತೆ ಅರ್ಧ ಮಾತ್ರ ತೆಗೆದುಕೊಂಡ. ಎರಡನೆಯ ಸಲದ ಖರ್ಚನ್ನು ಕೊಡಲು ಮೂರು ಸಲ ಗ್ಯಾರೇಜಿಗೆ ಹೋದ ಮೇಲೆ ಇಸಿದುಕೊಂಡ.

ಗಾಡಿ ಹೋಗುವ ಹಿಂದಿನ ಭಾನುವಾರ ತಮ್ಮನ ಮಗನನ್ನು ಬೆಂಗಳೂರಿನಿಂದ ಕರೆಸಿ ಕೇಬಲ್ಲಿನ ಸಂಗತಿ ಹೇಳಿದೆ. ಇದನ್ನು ಬರೆಯಲು ಅವನ ಒಪ್ಪಿಗೆಯಿದೆ. ಅವನು ಏನೂ ಅನ್ನಲಿಲ್ಲ. ಬಗ್ಗಿ ಆ ಬೆಸುಗೆಯನ್ನು ಬೆರಳಿನಿಂದ ಸವರಿದ. ಆಮೇಲೆ, "ದೊಡ್ಡಪ್ಪ, ಒಂದು ಸುತ್ತು ಹೋಗಿಬರಲಾ?" ಎಂದ. ಕೀಲಿ ಕೊಡುವ ಮುನ್ನ ನಾನು ಮಂಡಿಯೂರಿ ಕುಳಿತು ಮುಂದಿನ ಬ್ರೇಕಿನ ಕೇಬಲ್ಲನ್ನು ಎರಡು ತುದಿಯಲ್ಲೂ ಎಳೆದು ನೋಡಿದೆ. ಏಳುವುದಕ್ಕೆ ಅವನೇ ಕೈ ಕೊಡಬೇಕಾಯಿತು.